ಪಪ್ಪಾಯಿ ಸಸಿ ಹೆಣ್ಣೋ, ದ್ವಿಲಿಂಗಿಯೋ?

ಹೂ ಬಿಡುವ ಮುಂಚೆಯೇ ಪಪ್ಪಾಯಿ ಸಸಿಯ ಲಿಂಗ ತಿಳಿಯಬಹುದೇ ಎಂದು ಜತ್ತ ತಾಲ್ಲೂಕಿನ ಮುಚ್ಚಂಡಿಯ ಓದುಗರು ಕೇಳಿದ್ದಾರೆ.

ತಿಳಿಯಬಹುದು. ಎಳೆ ಎಲೆಯ ಚೂರಿನಿಂದ ಡಿಎನ್‌ಎ ತೆಗೆದು, ಪಿಸಿಆರ್ ಯಂತ್ರದಲ್ಲಿ ವೈ ವರ್ಣತಂತುವಿನ ಗುರುತು ಹುಡುಕುತ್ತಾರೆ. ಸಿಗದಿದ್ದರೆ ಹೆಣ್ಣು, ಸಿಕ್ಕರೆ ಗಂಡು ಇಲ್ಲವೇ ದ್ವಿಲಿಂಗಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಸೂರ್ಯ’ದಂಥ ತಳಿಯಲ್ಲಿ ಗಂಡಿಲ್ಲ, ಹಾಗಾಗಿ ಒಂದೇ ಗುರುತು ಸಾಕು. ಅಲ್ಲಿ ಸರಾಸರಿ ಮೂರರಲ್ಲಿ ಎರಡು ದ್ವಿಲಿಂಗಿ, ಒಂದು ಹೆಣ್ಣು. ಪೇಟೆಗೆ ಬೇಕಾದದ್ದು ದ್ವಿಲಿಂಗಿಯ ಉದ್ದನೆಯ ಹಣ್ಣು. ಅದಕ್ಕೇ ಗುಣಿಗೆ ಎರಡು-ಮೂರು ಸಸಿ ನೆಟ್ಟು, ಹೂ ಬಂದಮೇಲೆ ಬೇಡದ್ದನ್ನು ಕೀಳುವ ರೂಢಿ. ಜತ್ತದಂಥ ಬರನಾಡಿನಲ್ಲಿ, ಕಿತ್ತ ಸಸಿ ತಿಂಗಳುಗಟ್ಟಲೆ ಕುಡಿದ ನೀರನ್ನೂ ಖರ್ಚಿಗೆ ಸೇರಿಸಬೇಕಲ್ಲವೇ?

ಪರೀಕ್ಷೆ ದುಬಾರಿ ಎಂಬ ಆಕ್ಷೇಪ ಒಬ್ಬ ರೈತನ ಮಟ್ಟಿಗೆ ನಿಜ. ಸಾವಿರಗಟ್ಟಲೆ ಸಸಿ ಬೆಳೆಸುವ ನರ್ಸರಿಗೆ ಅಷ್ಟಲ್ಲ. ಆದರೆ ಬೇಸಿಗೆಯ ಕಾವಿಗೆ ದ್ವಿಲಿಂಗಿ ಹೂವಿನ ಅಂಡಾಶಯ ಸೊರಗಿ ಕಾಯಿ ಕಚ್ಚದಿದ್ದರೆ, ಅದನ್ನು ಯಾವ ಡಿಎನ್‌ಎ ಗುರುತೂ ತಪ್ಪಿಸದು.