ಬಣ್ಣ ಕುಡಿಯುವ ಸುಣ್ಣ

ಮಂಗಳೂರಿನ ಬಾವುಟಗುಡ್ಡ ಹತ್ತಿ, ಸಂತ ಅಲೋಶಿಯಸ್ ಚಾಪೆಲ್‌ನ ಹೊಸಿಲು ದಾಟಿ ತಲೆ ಎತ್ತಿದರೆ ಮಾತೇ ಹೊರಡುವುದಿಲ್ಲ. ಬಿಳಿ ಜಾಗ ಹುಡುಕಿದರೂ ಸಿಗದು! ಚಾವಣಿಯಲ್ಲಿ, ಕಮಾನಿನಲ್ಲಿ, ಕಂಬದ ನೆತ್ತಿಯಲ್ಲಿ ಎಲ್ಲೆಲ್ಲೂ ಚಿತ್ರ. ಸಂತರು, ದೇವದೂತರು, ಹೂಮಾಲೆಗಳು, ಮೋಡದಿಂದ ಇಳಿಯುವ ಬೆಳಕು. ಗೋಡೆಯಿಂದ ಎರಡು ಬೆರಳು ಮುಂದಕ್ಕೆ ಚಾಚಿಕೊಂಡಿರುವಂತೆ ಕಾಣುವ ಕೆತ್ತನೆಯ ಪಟ್ಟಿಯನ್ನು ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದೆವು. ಸಪಾಟು! ಕೆತ್ತನೆಯ ಉಬ್ಬು, ಅದರ ಕೆಳಗಿನ ನೆರಳು, ಎರಡೂ ಕುಂಚದ ಕೆಲಸ.

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ತಂಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಾಳೆ. ಇಬ್ಬರೂ ಬಯಲುಸೀಮೆಯವರು. ಕಡಲು ಕಂಡು ಬರೋಣವೆಂದು ಹೊರಟಿದ್ದೆವು. ಕಡಲಿಗಿಂತ ಮೊದಲು ಈ ಗೋಡೆ ನಮ್ಮನ್ನು ಹಿಡಿದು ನಿಲ್ಲಿಸಿತು.

ಇದನ್ನು ಬರೆದವರು ಆಂಟೊನಿಯೊ ಮೊಸ್ಕೇನಿ. 1854ರಲ್ಲಿ ಇಟಲಿಯ ಬೆರ್ಗಾಮೊ ಬಳಿಯ ಸ್ಟೆಜ್ಜಾನೊ ಎಂಬ ಊರಿನಲ್ಲಿ ಹುಟ್ಟಿ, ಯೇಸುಸಭೆಯ ಸಹೋದರರಾಗಿ ಇಲ್ಲಿಗೆ ಬಂದು, 1899ರಿಂದ 1901ರ ನಡುವೆ ಇಷ್ಟನ್ನೂ ಬರೆದು ಮುಗಿಸಿದರು. ಎರಡೇ ಎರಡು ವರ್ಷ ಚಿಲ್ಲರೆ! 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಚಾಪೆಲ್‌ಗೆ ಹೆಸರಾದ ಸಂತ ಅಲೋಶಿಯಸ್ ಗೊನ್ಜಾಗ ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಾ 1591ರಲ್ಲಿ, ಇಪ್ಪತ್ಮೂರರ ಹರೆಯದಲ್ಲಿ ಪ್ರಾಣ ಬಿಟ್ಟವರು. ಅವರ ಬದುಕಿನ ಕತೆಯೇ ನಮ್ಮ ತಲೆಯ ಮೇಲೆ ಚೌಕಟ್ಟು ಚೌಕಟ್ಟಾಗಿ ಸಾಗುತ್ತದೆ.

ನಾನು ಮುಖಗಳನ್ನು ನೋಡುತ್ತಿದ್ದೆ. ತಂಗಿ ಗೋಡೆಯನ್ನೇ ನೋಡುತ್ತಿದ್ದಳು. ಆಮೇಲೆ ಕಿವಿಯ ಹತ್ತಿರ ಬಂದು, “ಅಕ್ಕಾ, ಇದು ಗೋಡೆಗೆ ಬಳಿದ ಬಣ್ಣ ಅಲ್ಲ. ಗೋಡೆಯ ಒಳಗೇ ಇರೋ ಬಣ್ಣ,” ಎಂದಳು.

ಇಲ್ಲಿ ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದ ಭಾಗಗಳೂ ಇವೆ. ಆದರೆ ಗೋಡೆಯ ಮೇಲಿನದು ಫ್ರೆಸ್ಕೊ, ಹಸಿ ಗಾರೆಯ ಚಿತ್ರ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಅಂಟು ಬೇಡ, ಎಣ್ಣೆ ಬೇಡ. ಗಾರೆ ಬಣ್ಣವನ್ನು ಕುಡಿಯುತ್ತದೆ. ಆಮೇಲೆ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕಲ್ಲುಗಟ್ಟುತ್ತದೆ, ಬಣ್ಣದ ಕಣಗಳು ಆ ಹರಳಿನೊಳಗೆ ಸಿಕ್ಕಿಕೊಳ್ಳುತ್ತವೆ. ಆ ದಿನ ಎಷ್ಟು ಬರೆಯಲಾಗುತ್ತದೋ ಅಷ್ಟೇ ಗಾರೆ ಮೆತ್ತುವುದು ಫ್ರೆಸ್ಕೊದ ಪದ್ಧತಿ. ಗಾರೆ ಒಣಗಿತೋ, ಮುಗಿಯಿತು. ತಿದ್ದಬೇಕಾದರೆ ಕೆತ್ತಿ ತೆಗೆದು ಹೊಸದಾಗಿ ಮೆತ್ತಬೇಕು. ಅಂದರೆ ಮೊಸ್ಕೇನಿ ಪ್ರತಿ ಬೆಳಿಗ್ಗೆ ಏಣಿ ಹತ್ತುವಾಗ ಸಂಜೆಯೊಳಗೆ ಮುಗಿಯಬೇಕಾದ ಮುಖ ಯಾವುದೆಂದು ಮನಸ್ಸಿನಲ್ಲಿ ಪೂರ್ತಿಯಾಗಿ ಬರೆದುಕೊಂಡೇ ಹತ್ತಿರಬೇಕು!

ಒಳಗೆ ಫೋಟೊ ತೆಗೆಯುವಂತಿಲ್ಲ. ಅದೆಂಥ ಭಾಗ್ಯ! ಕಣ್ಣಲ್ಲೇ ತುಂಬಿಕೊಂಡು ಹೊರಗೆ ಬಂದು, ಮರದ ನೆರಳಲ್ಲಿ ಕುಳಿತು, ಇಬ್ಬರೂ ಒಂದೊಂದು ಹಾಳೆಯಲ್ಲಿ ನೆನಪಾದದ್ದನ್ನು ಬರೆದೆವು. ನನ್ನ ಹಾಳೆಯಲ್ಲಿ ಬರೀ ಜನ. ತಂಗಿಯದರಲ್ಲಿ ಒಬ್ಬರೂ ಇರಲಿಲ್ಲ. ಕಮಾನಿನ ಅಂಚು, ಹೂಮಾಲೆ, ಅದರ ಕೆಳಗಿನ ನೆರಳು. ನೆರಳಿನಲ್ಲೂ ಅವಳು ನೀಲಿ, ನೇರಳೆ ಎಂದು ಗುರುತು ಹಾಕಿದ್ದಳು. ಅದೇ ಗಳಿಗೆಯಲ್ಲಿ ನನ್ನ ಮುಂದಿನ ಪುಸ್ತಕ ಶುರುವಾಯಿತು. ಒಡಹುಟ್ಟಿದವರ ಜೊತೆ ಊರು ನೋಡುವುದರಲ್ಲಿರುವ ದೊಡ್ಡ ಲಾಭ ಇದೇ ಎಂದು ನಾನು ನಂಬುತ್ತೇನೆ: ಒಂದೇ ಮನೆಯಲ್ಲಿ ಬೆಳೆದ ಎರಡು ಜೋಡಿ ಕಣ್ಣು ಒಂದೇ ಗೋಡೆಯಲ್ಲಿ ಎರಡು ಚಿತ್ರ ಕಾಣುತ್ತವೆ, ಮತ್ತು ಅದನ್ನು ಅಳುಕಿಲ್ಲದೆ ಒಬ್ಬರಿಗೊಬ್ಬರು ಹೇಳಿಬಿಡುತ್ತವೆ.

ಅಲ್ಲಿಂದ ಮುಂದೆ ಊರೆಲ್ಲ ಸುಣ್ಣವೇ!

ದಕ್ಕೆಯಲ್ಲಿ ಬೂತಾಯಿ, ಬಂಗುಡೆ ಮೀನುಗಳ ಬುಟ್ಟಿ ದಾಟಿ, ದೋಣಿ ಹತ್ತಿ ಬೆಂಗ್ರೆಗೆ ಹೋದೆವು. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಅಳಿವೆಬಾಗಿಲಲ್ಲಿ ಕಡಲು ಸೇರುವ ಜಾಗ ಅದು. ಮರಳಿನಲ್ಲಿ ಮರುವಾಯಿ ಚಿಪ್ಪುಗಳು. ಕರಾವಳಿಯವರು ಮರುವಾಯಿ ಸುಕ್ಕ ಮಾಡಿ ಉಣ್ಣುತ್ತಾರಲ್ಲ, ಅದರದ್ದೇ ಚಿಪ್ಪು. ಇಂಥ ಚಿಪ್ಪುಗಳನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವುದು ಈ ಸೀಮೆಯ ಹಳೆಯ ಕಸುಬು. ತಂಗಿ ಒಂದು ಚಿಪ್ಪನ್ನು ಅಂಗೈಯಲ್ಲಿಟ್ಟಳು. ಹೊರಗೆ ಕಂದು ಗೆರೆಗಳು, ಉಗುರಿನಷ್ಟು ತೆಳುವಾದ ಅಂಚು, ಒಳಗೆ ಹಾಲಿನ ಬಿಳುಪು, ಬುಡದಲ್ಲಿ ಮಾತ್ರ ಚೂರು ನೇರಳೆ. “ಇದು ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟರೆ ಸುಣ್ಣ. ಸುಣ್ಣಕ್ಕೆ ನೀರು ಹಾಕಿ ಗೋಡೆಗೆ ಮೆತ್ತಿದರೆ, ಒಣಗಿ ಮತ್ತೆ ಇದೇ ಆಗುತ್ತೆ.” ಗಾರೆ ಮತ್ತೆ ಚಿಪ್ಪಾಗುತ್ತದೆ! ಬೆಳಿಗ್ಗೆ ನಾವು ಕಂಡ ದೇವದೂತರು ಇರುವುದು ಚಿಪ್ಪಿನ ವಸ್ತುವಿನೊಳಗೇ! ಗಾಳಿ ಭೋರೆನ್ನುತ್ತಿತ್ತು, ನನಗೆ ಅವಳ ಮಾತು ಬಿಟ್ಟು ಬೇರೇನೂ ಕೇಳಿಸಲಿಲ್ಲ.

  

ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ನೆನಪು. 1843ರ ಜುಲೈ 1ರಂದು ಆ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು, ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನ ಪತ್ರಿಕೆ ಅದು. ಮೊಳೆ ಜೋಡಿಸಿದ ಅಕ್ಷರಗಳಲ್ಲ, ಕೈಬರಹದ ಅಕ್ಷರಗಳು. ಸಾಲಿನ ಬಳುಕು, ಕೊಂಬಿನ ಸುರುಳಿ ಎಲ್ಲವೂ ಬರೆದ ಕೈಯವು. ಕಲ್ಲಚ್ಚಿನ ಕಲ್ಲು ಯಾವುದು? ನಾನು ಕೇಳುವ ಮೊದಲೇ ತಂಗಿಯ ಕಣ್ಣು ಅರಳಿತ್ತು. ನುಣುಪಾದ ಸುಣ್ಣದ ಕಲ್ಲು! ಅದರ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರಹ ಮೂಡಿಸಿ ನೀರು ಸವರುತ್ತಾರೆ. ಬರಿಗಲ್ಲು ನೀರು ಹಿಡಿದು ಶಾಯಿಯನ್ನು ದೂರವಿಡುತ್ತದೆ, ಜಿಡ್ಡಿನ ಬರಹ ಮಾತ್ರ ಶಾಯಿ ಹಿಡಿಯುತ್ತದೆ. ಕನ್ನಡದ ಮೊದಲ ಪತ್ರಿಕೆಯೂ ಸುಣ್ಣದ ಕೂಸೇ!

ರಾತ್ರಿ ಒಂದು ಹರಕೆ ಆಟ. ತೆಂಕುತಿಟ್ಟಿನ ಯಕ್ಷಗಾನ. ವೇಷ ಕಟ್ಟುವ ಚೌಕಿಯಲ್ಲಿ ಸಾಲಾಗಿ ಕುಳಿತು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು, ತಮ್ಮ ಮುಖವನ್ನು ತಾವೇ ಬರೆದುಕೊಳ್ಳುವ ಕಲಾವಿದರು. ಬಣ್ಣದ ವೇಷದವರೊಬ್ಬರು ಚಿಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟು, ಅದಕ್ಕೆ ಕಲಸಿದ ಸುಣ್ಣ. ಸಣ್ಣ ಕಡ್ಡಿಯ ತುದಿಯಲ್ಲಿ ಚೂರೇ ಚೂರು ತೆಗೆದು ಹುಬ್ಬಿನ ಮೇಲೆ ಒತ್ತಿ ಎಳೆಯುತ್ತಾರೆ, ಬಿಳಿ ಮೊನೆಯೊಂದು ನಿಲ್ಲುತ್ತದೆ. ಅದರ ಪಕ್ಕ ಇನ್ನೊಂದು. ಅದು ಒಣಗುವವರೆಗೆ ಮುಖ ಅಲುಗುವಂತಿಲ್ಲ, ನಗುವಂತಿಲ್ಲ. ಕೆನ್ನೆಯ ಅಂಚಿನವರೆಗೆ ಮುಳ್ಳಿನ ಸಾಲು ಇಳಿದು ಬರುವಷ್ಟರಲ್ಲಿ ಮನುಷ್ಯ ಮಾಯವಾಗಿ ರಾಕ್ಷಸ ಕುಳಿತಿದ್ದ! ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಬಾವುಟಗುಡ್ಡದಲ್ಲಿ ಬಣ್ಣವನ್ನು ಕುಡಿದು ಅಡಗಿಸಿಕೊಂಡ ಸುಣ್ಣ, ಇಲ್ಲಿ ತಾನೇ ಬಣ್ಣವಾಗಿ ಮುಖದಿಂದ ಎದ್ದು ನಿಂತಿತ್ತು.

ಇಷ್ಟು ವರ್ಷ ನನಗೆ ಬಿಳಿ ಎಂದರೆ ಬರೆಯದೆ ಬಿಟ್ಟ ಕಾಗದ. ಈಗ ಬಿಳಿಯಿಂದಲೇ ಶುರುಮಾಡುತ್ತೇನೆ. ಮನೆಯಲ್ಲಿ ತಂಗಿ ಸುಣ್ಣ, ಜರಡಿ ಹಿಡಿದ ಮರಳು ಕಲಸಿ ಹಲಗೆಗೆ ಮೆತ್ತಿಕೊಡುತ್ತಾಳೆ. ಹಸಿ ಇರುವಾಗಲೇ ಕೆಮ್ಮಣ್ಣು, ಕಾಡಿಗೆಯಲ್ಲಿ ದೋಣಿ ಬರೆಯುತ್ತೇನೆ. ಮೊದಲು ಬಣ್ಣ ಮಂಕಾಗಿ ಒಳಗಿಳಿಯುತ್ತದೆ, ಒಣಗುತ್ತಾ ಒಣಗುತ್ತಾ ತಿಳಿಯಾಗಿ ಮೇಲೇಳುತ್ತದೆ. ಪ್ರತಿ ಸಲವೂ ನಮ್ಮಿಬ್ಬರಿಗೂ ಅದು ಹೊಸದೇ. ಪುಸ್ತಕದ ಕತೆಯೂ ಸಿಕ್ಕಿದೆ: ಅಳಿವೆಯಿಂದ ಹೊರಟ ಒಂದು ಮರುವಾಯಿ ಚಿಪ್ಪು, ಗೂಡು, ಗೋಡೆ, ರಾಕ್ಷಸನ ಹುಬ್ಬು ಎಲ್ಲವನ್ನೂ ಸುತ್ತಿ ಬರುವ ಕತೆ. ಚಿತ್ರ ನನ್ನದು, ಮಾತು ತಂಗಿಯದು.

ನೀವೂ ಹೋಗಿ. ಅಣ್ಣನೋ ತಮ್ಮನೋ ಅಕ್ಕನೋ ಜೊತೆಗಿರಲಿ, ಇಬ್ಬರಿಗೂ ಒಂದೊಂದು ಪೆನ್ಸಿಲ್ ಇರಲಿ. ಯಕ್ಷಗಾನ ಮೇಳಗಳು ಆ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆ ಮೇ ಕೊನೆಗೆ ಬರುತ್ತದೆ, ಅದಕ್ಕೆ ಮೊದಲೇ ಹೋಗಿ. ಚೌಕಿಯಲ್ಲಿ ಮೇಳದ ದೇವರ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೆ ಬಿಟ್ಟು, ಒಪ್ಪಿಗೆ ಕೇಳಿ, ಚಿಟ್ಟಿ ಇಡುವವರಿಂದ ಒಂದು ಮಾರು ದೂರ ಕುಳಿತುಕೊಳ್ಳಿ.