ಪೆಟ್ರೋಲು ತುಂಬತಕ್ಕವರು ಯಾರು?

ನಮ್ಮ ಊರುಗಳ ಪೆಟ್ರೋಲ್ ಬಂಕಿನ ಮುಂದೆ ಸ್ಕೂಟರೋ ಕಾರೋ ಬಂದು ನಿಂತೊಡನೆ ಅಲ್ಲಿಯ ನೌಕರನು ಹತ್ತಿರ ಬಂದು "ಎಷ್ಟಕ್ಕೆ?" ಎಂದು ವಿಚಾರಿಸುತ್ತಾನೆ. "ಸೊನ್ನೆ ನೋಡಿಕೊಳ್ಳಿ" ಎಂದು ಯಂತ್ರದ ಅಂಕಿಗಳತ್ತ ಕೈತೋರಿಸಿ, ನಳಿಕೆಯನ್ನು ಟ್ಯಾಂಕಿನ ಬಾಯೊಳಕ್ಕೆ ಇಳಿಸುತ್ತಾನೆ. ಇದು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಈ ಕೆಲಸವನ್ನು ಗಾಡಿಯ ಒಡೆಯನೇ ಏಕೆ ಮಾಡಬಾರದು ಎಂಬ ಪ್ರಶ್ನೆಯೇ ನಮ್ಮ ಮನಸ್ಸಿನಲ್ಲಿ ಏಳುವುದಿಲ್ಲ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆ ಮುಕ್ಕಾಲು ಶತಮಾನಕ್ಕೂ ಮೇಲ್ಪಟ್ಟು ವಾದಕ್ಕೆ ವಸ್ತುವಾಗಿದೆ. ಇದರ ಸಲುವಾಗಿ ಶಾಸನಗಳು ಹುಟ್ಟಿವೆ, ರದ್ದಾಗಿವೆ. ಇಂದು ಅಲ್ಲಿಯ 50 ರಾಜ್ಯಗಳಲ್ಲಿ ನ್ಯೂ ಜೆರ್ಸಿಯೊಂದರಲ್ಲಿ ಮಾತ್ರ ಗಿರಾಕಿಯು ತನ್ನ ಗಾಡಿಗೆ ತಾನೇ ಪೆಟ್ರೋಲು ತುಂಬಿಕೊಳ್ಳುವುದು ಸಂಪೂರ್ಣವಾಗಿ ನಿಷಿದ್ಧ. ಆ ರಾಜ್ಯದಲ್ಲಿ ನೆಲಸಿರುವ ಕನ್ನಡಿಗರು ಡೆಲವೇರ್ ನದಿಯನ್ನು ದಾಟಿ ಪೆನ್ಸಿಲ್ವೇನಿಯಕ್ಕೆ ಹೋದರೆ ತಾವೇ ಇಳಿದು ನಳಿಕೆಯನ್ನು ಹಿಡಿಯಬೇಕು; ಮರಳಿ ಬಂದರೆ ಕುಳಿತಲ್ಲಿಯೇ ಕುಳಿತಿರಬೇಕು.

ಪೆಟ್ರೋಲು ಒಂದೇ, ಯಂತ್ರವೂ ಒಂದೇ ಬಗೆಯದು. ಹೀಗಿರುವಲ್ಲಿ ನದಿಯ ಒಂದು ದಡದಲ್ಲಿ ಕೂಡದೆನಿಸಿದ್ದು ಇನ್ನೊಂದು ದಡದಲ್ಲಿ ನಿತ್ಯದ ವಾಡಿಕೆಯಾದದ್ದು ಹೇಗೆ? ಈ ವಿವಾದದಲ್ಲಿ ವಿಜ್ಞಾನಕ್ಕೆ ಸೇರಿದ್ದೆಷ್ಟು, ಸಮಾಜಕ್ಕೆ ಸೇರಿದ್ದೆಷ್ಟು ಎಂಬುದನ್ನು ನಾವೀಗ ವಿಚಾರಿಸೋಣ.

ಪೂರ್ಣಸೇವೆಯ ಕಾಲ

ಅಮೆರಿಕದಲ್ಲಿ ಪೆಟ್ರೋಲಿಗೆ ಗ್ಯಾಸೊಲೀನ್ ಎಂದು ಹೆಸರು. ಜನರು ಅದನ್ನೇ ಮೊಟಕುಮಾಡಿ 'ಗ್ಯಾಸ್' ಎನ್ನುತ್ತಾರೆ. ಅದು ಅನಿಲವಲ್ಲ, ದ್ರವವೇ. ಮೋಟಾರು ಗಾಡಿಗಳ ಆರಂಭಕಾಲದಲ್ಲಿ ಜನರು ಅದನ್ನು ಅಂಗಡಿಗಳಿಂದ ಡಬ್ಬಿಗಳಲ್ಲಿ ತಂದು ಆಲಿಕೆಯಿಟ್ಟು ಸುರಿದುಕೊಳ್ಳುತ್ತಿದ್ದರು. ಇಂಡಿಯಾನ ರಾಜ್ಯದ ಫೋರ್ಟ್ ವೇನ್ ನಗರದ ಸಿಲ್ವೇನಸ್ ಬೌಸರ್ ಎಂಬಾತನು 1885ರಲ್ಲಿ ಸೀಮೆಎಣ್ಣೆಯನ್ನು ಅಳೆದುಕೊಡುವ ಪಂಪೊಂದನ್ನು ನಿರ್ಮಿಸಿದನು. ಮುಂದೆ 1905ರಲ್ಲಿ ಅದೇ ಮಾದರಿಯನ್ನು ಪೆಟ್ರೋಲಿಗೆ ಅಳವಡಿಸಿದನು. 1913ರ ಡಿಸೆಂಬರ್ 1ರಂದು ಗಲ್ಫ್ ಕಂಪೆನಿಯು ಪಿಟ್ಸ್‌ಬರ್ಗ್ ನಗರದಲ್ಲಿ, ಗಾಡಿಗಳು ಒಳಕ್ಕೆ ಬಂದು ನಿಲ್ಲುವಂತೆ ಕಟ್ಟಿದ ಬಂಕನ್ನು ತೆರೆಯಿತು. ಗ್ಯಾಲನ್ನಿಗೆ 27 ಸೆಂಟಿನಂತೆ ಮೊದಲ ದಿನ ಅಲ್ಲಿ ಮಾರಾಟವಾದದ್ದು 30 ಗ್ಯಾಲನ್ ಮಾತ್ರ. ಅಮೆರಿಕದ ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರು.

ಅಂದಿನ ನೌಕರನು ಪೆಟ್ರೋಲು ತುಂಬುವುದರ ಜೊತೆಗೆ ಗಾಜನ್ನು ಒರೆಸುತ್ತಿದ್ದನು, ಟೈರುಗಳಿಗೆ ಗಾಳಿ ಹಾಕುತ್ತಿದ್ದನು, ಎಂಜಿನ್ನಿನ ಎಣ್ಣೆಯನ್ನೂ ರೇಡಿಯೇಟರಿನ ನೀರನ್ನೂ ಪರೀಕ್ಷಿಸುತ್ತಿದ್ದನು. ಇದು ಬರಿಯ ಉಪಚಾರವಾಗಿರಲಿಲ್ಲ. ಆ ಕಾಲದ ಎಂಜಿನ್ನುಗಳು ಎಣ್ಣೆಯನ್ನು ಬೇಗ ಬೇಗ ಸುಟ್ಟುಕೊಳ್ಳುತ್ತಿದ್ದುದರಿಂದ ಇಂತಹ ಆರೈಕೆ ಆವಶ್ಯಕವೇ ಆಗಿತ್ತು.

ಐದು ಸೆಂಟಿನ ಉಳಿತಾಯ

1947ರಲ್ಲಿ ಫ್ರಾಂಕ್ ಯೂರಿಕ್ ಎಂಬ ವ್ಯಾಪಾರಿ ಲಾಸ್ ಏಂಜಲೀಸಿನಲ್ಲಿ ಹೊಸ ಬಗೆಯ ಬಂಕೊಂದನ್ನು ಆರಂಭಿಸಿದನು. ಅಲ್ಲಿ ಗಿರಾಕಿಯೇ ಇಳಿದು ಪೆಟ್ರೋಲು ತುಂಬಿಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ ಗ್ಯಾಲನ್ನಿಗೆ 5 ಸೆಂಟು ಕಡಿಮೆ ಬೆಲೆ. ನಮ್ಮ ದರ್ಶಿನಿಗಳಲ್ಲಿ ತಟ್ಟೆಯನ್ನು ನಾವೇ ಎತ್ತಿಕೊಂಡು ಬಂದು ನಿಂತು ತಿನ್ನುವುದಿಲ್ಲವೇ? ತತ್ತ್ವ ಅದೇ. ಗಾಲಿಯ ಪಾದರಕ್ಷೆಗಳನ್ನು ತೊಟ್ಟ ಯುವತಿಯರು ಪಂಪಿನಿಂದ ಪಂಪಿಗೆ ಜಾರುತ್ತಾ ಹೋಗಿ ಹಣ ಪಡೆದು ಅಂಕಿಗಳನ್ನು ಸೊನ್ನೆಗೆ ತಿರುಗಿಸುತ್ತಿದ್ದರು. ಮೊದಲ ತಿಂಗಳಲ್ಲೇ 5 ಲಕ್ಷ ಗ್ಯಾಲನ್ನಿಗೂ ಮಿಕ್ಕಿ ಪೆಟ್ರೋಲು ಮಾರಾಟವಾಯಿತು.

ಇದರಿಂದ ಉಳಿದ ಬಂಕುಗಳ ಒಡೆಯರು ಕಳವಳಗೊಂಡುದು ಸ್ವಾಭಾವಿಕವಷ್ಟೆ. ಸ್ವಯಂಸೇವೆ ಅಪಾಯಕರವೆಂಬ ಕೂಗು ಎದ್ದಿತು. ನ್ಯೂ ಜೆರ್ಸಿಯು 1949ರಲ್ಲಿಯೂ ಆರೆಗಾನ್ ರಾಜ್ಯವು 1951ರಲ್ಲಿಯೂ ಅದನ್ನು ಶಾಸನದ ಮೂಲಕ ನಿಷೇಧಿಸಿದವು. ಬೇರೆ ಹಲವು ರಾಜ್ಯಗಳಲ್ಲಿಯೂ ನಿರ್ಬಂಧಗಳಿದ್ದವು. ಎಲ್ಲೆಡೆಯೂ ಮುಂದಿಟ್ಟ ಮೊದಲ ಕಾರಣ ಬೆಂಕಿಯ ಭಯ.

ಭಯಕ್ಕೆ ಆಧಾರವುಂಟು

ಈ ಭಯವು ಕೇವಲ ನೆಪವೆಂದು ತಳ್ಳಿಹಾಕುವಂತಿಲ್ಲ. ಉರಿಯುವುದು ದ್ರವರೂಪದ ಪೆಟ್ರೋಲಲ್ಲ, ಅದರ ಮೇಲೆ ಏಳುವ ಆವಿ. ಸೀಮೆಎಣ್ಣೆಯು ಹತ್ತಿಕೊಳ್ಳುವಷ್ಟು ಆವಿಯನ್ನು ಬಿಡಬೇಕಾದರೆ ಅದರ ಉಷ್ಣತೆ ಸುಮಾರು 38 ಡಿಗ್ರಿ ಸೆಲ್ಸಿಯಸ್ಸಿಗೆ ಏರಬೇಕು. ಪೆಟ್ರೋಲಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಕೊರೆಯುವ ಚಳಿಯಲ್ಲಿಯೂ ಸಾಕಷ್ಟು ಆವಿಯನ್ನು ಬಿಡುತ್ತಿರುತ್ತದೆ. ಈ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಆದಕಾರಣ ಮೇಲೇರಿ ಚದುರಿಹೋಗದೆ ನೆಲದುದ್ದಕ್ಕೂ ಹರಿದು ತಗ್ಗುಗಳಲ್ಲಿ ನಿಲ್ಲುತ್ತದೆ.

ಗಾಳಿಯಲ್ಲಿ ಆವಿಯ ಪ್ರಮಾಣ ಶೇಕಡ 1.4ಕ್ಕಿಂತ ಕಡಿಮೆಯಾದರೆ ಅದು ಹತ್ತಿಕೊಳ್ಳದು, ಶೇಕಡ 7.6ಕ್ಕಿಂತ ಹೆಚ್ಚಾದರೂ ಹತ್ತಿಕೊಳ್ಳದು. ಟ್ಯಾಂಕಿನ ಒಳಗೆ ಸಾಮಾನ್ಯವಾಗಿ ಆವಿಯೇ ಅತಿಯಾಗಿರುವುದರಿಂದ ಅಲ್ಲಿ ಬೆಂಕಿ ಹುಟ್ಟುವುದು ವಿರಳ. ಆದರೆ ಒಳಕ್ಕೆ ಒಂದು ಲೀಟರು ಪೆಟ್ರೋಲು ಇಳಿದರೆ ಅಷ್ಟೇ ಗಾತ್ರದ ಆವಿಮಿಶ್ರಿತ ಗಾಳಿಯು ಹೊರಕ್ಕೆ ಬರಲೇಬೇಕಲ್ಲವೇ? ಹಾಗೆ ಬಂದ ಆವಿಯು ಟ್ಯಾಂಕಿನ ಬಾಯಿಯ ಸುತ್ತ ಗಾಳಿಯೊಡನೆ ಬೆರೆಯುವಾಗ ಆ ಅಪಾಯದ ಪ್ರಮಾಣವನ್ನು ಹಾದುಹೋಗುತ್ತದೆ. ಜೊತೆಗೆ ಟ್ಯಾಂಕು ತುಂಬಿ ಪೆಟ್ರೋಲು ನೆಲಕ್ಕೆ ಚೆಲ್ಲಿದರೆ ಆವಿಯ ರಾಶಿಯೇ ಏಳುತ್ತದೆ. ಅನುಭವಸ್ಥ ನೌಕರನು ಸದ್ದನ್ನು ಆಲಿಸಿ ಸಕಾಲದಲ್ಲಿ ನಿಲ್ಲಿಸಬಲ್ಲನು. ಅನುಭವವಿಲ್ಲದ ಗಿರಾಕಿಯ ಪಾಡೇನು?

ತಾನೇ ನಿಲ್ಲುವ ನಳಿಕೆ

ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು, ಟ್ಯಾಂಕು ತುಂಬಿದೊಡನೆ 'ಟಕ್' ಎಂದು ತಾನೇ ನಿಂತುಬಿಡುವ ನಳಿಕೆ. ಇದರಲ್ಲಿ ವಿದ್ಯುತ್ತಿನ ಉಪಕರಣವೇನೂ ಬೇಕಾಗಿಲ್ಲ. ಕಾಲೇಜಿನ ಭೌತವಿಜ್ಞಾನದಲ್ಲಿ ನಾವು ಓದುವ ವೆಂಚುರಿ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ದ್ರವವು ಇಕ್ಕಟ್ಟಾದ ದಾರಿಯಲ್ಲಿ ಹಾಯುವಾಗ ಅದರ ವೇಗ ಹೆಚ್ಚುತ್ತದೆ, ಒತ್ತಡ ಕುಗ್ಗುತ್ತದೆ. ಸೊಳ್ಳೆ ತಿಗಣೆಗಳಿಗೆ ಔಷಧವನ್ನು ಸಿಂಪಡಿಸುವ ಕೈಪಂಪಿನಲ್ಲಿ ವೇಗದ ಗಾಳಿಯು ಡಬ್ಬಿಯ ಔಷಧವನ್ನು ಮೇಲಕ್ಕೆ ಸೆಳೆಯುವುದೂ ಒತ್ತಡ ಹೀಗೆ ಕುಗ್ಗುವುದರಿಂದಲೇ.

ನಳಿಕೆಯೊಳಗಿನ ಇಂತಹ ಒಂದು ಇಕ್ಕಟ್ಟಿನಿಂದ ಸಣ್ಣ ಕೊಳವೆಯೊಂದು ಹೊರಟು, ನಳಿಕೆಯ ತುದಿಯ ಬಳಿ ಕಿರುರಂಧ್ರವಾಗಿ ತೆರೆದುಕೊಳ್ಳುತ್ತದೆ. ಪೆಟ್ರೋಲು ಹರಿಯುತ್ತಿರುವಷ್ಟು ಹೊತ್ತೂ ಆ ಇಕ್ಕಟ್ಟು ಈ ರಂಧ್ರದ ಮೂಲಕ ಗಾಳಿಯನ್ನು ಹೀರುತ್ತಿರುತ್ತದೆ. ಟ್ಯಾಂಕು ತುಂಬಿ ಪೆಟ್ರೋಲು ಮೇಲೇರಿ ರಂಧ್ರವನ್ನು ಮುಚ್ಚಿದಾಗ ಗಾಳಿಯ ದಾರಿ ಕಟ್ಟಿಹೋಗುತ್ತದೆ; ಆದರೆ ಹೀರುವಿಕೆ ನಿಲ್ಲುವುದಿಲ್ಲ. ಆಗ ಒಳಗಿನ ಪುಟ್ಟ ಕೋಣೆಯಲ್ಲಿ ಒತ್ತಡವು ಥಟ್ಟನೆ ಇಳಿದು, ಅಲ್ಲಿರುವ ತೆಳುಪೊರೆಯೊಂದನ್ನು ಎಳೆಯುತ್ತದೆ. ಪೊರೆಯು ಜಗ್ಗಿದೊಡನೆ, ಬಂದೂಕದ ಕುದುರೆಯಂತಿರುವ ಹಿಡಿಯ ಕೊಂಡಿ ಕಳಚಿ, ಸ್ಪ್ರಿಂಗಿನ ಬಲದಿಂದ ಕವಾಟವು ಮುಚ್ಚಿಕೊಳ್ಳುತ್ತದೆ. ಮೊದಲು ನೌಕರನ ಕಿವಿ ಕಣ್ಣುಗಳು ಮಾಡುತ್ತಿದ್ದ ಕೆಲಸವನ್ನು ಹೀಗೆ ಒಂದು ಕಿರುರಂಧ್ರವೂ ಒಂದು ಪೊರೆಯೂ ವಹಿಸಿಕೊಂಡವು.

ಹಣ ಪಡೆಯುವ ತೊಡಕೂ ಇತ್ತು. 1964ರಲ್ಲಿ ಕೊಲರಾಡೊ ರಾಜ್ಯದ ವೆಸ್ಟ್‌ಮಿನ್‌ಸ್ಟರ್ ಊರಿನ ಅಂಗಡಿಯೊಂದರಲ್ಲಿ, ಗುಮಾಸ್ತನು ಒಳಗೆ ಕುಳಿತೇ ಹೊರಗಿನ ಪಂಪನ್ನು ಚಾಲೂಮಾಡಿ ಲೆಕ್ಕ ನೋಡುವ ವ್ಯವಸ್ಥೆ ಬಳಕೆಗೆ ಬಂದಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಬೆಲೆಗಳು ಏರಿದ ಮೇಲೆ ಉಳಿತಾಯದ ಆಸೆ ಇನ್ನೂ ಬಲವಾಯಿತು. ರಾಜ್ಯಗಳು ಒಂದೊಂದಾಗಿ ನಿರ್ಬಂಧಗಳನ್ನು ಸಡಿಲಿಸಿದವು. ಅಷ್ಟರಲ್ಲಿ ಎಂಜಿನ್ನುಗಳೂ ಸುಧಾರಿಸಿದ್ದರಿಂದ ಪ್ರತಿ ಸಲವೂ ಎಣ್ಣೆ ನೀರು ನೋಡುವ ಅಗತ್ಯ ಉಳಿಯಲಿಲ್ಲ.

ಉಳಿದುಕೊಂಡ ಒಂದು ಕಿಡಿ

ಯಂತ್ರವು ಎಲ್ಲ ಅಪಾಯವನ್ನೂ ನೀಗಿಸಿತೆಂದು ಮಾತ್ರ ತಿಳಿಯಬಾರದು. ಒಣಹವೆಯಲ್ಲಿ ಕಾರಿನ ಆಸನದಿಂದ ಜಾರಿ ಇಳಿಯುವ ಮನುಷ್ಯನ ಮೈಯಲ್ಲಿ ಘರ್ಷಣೆಯಿಂದ ಸ್ಥಿರವಿದ್ಯುತ್ತು ಸಂಗ್ರಹವಾಗುತ್ತದೆ. ಅದರ ವೋಲ್ಟೇಜು 10,000ವನ್ನೂ ಮುಟ್ಟಬಹುದು. ನಮ್ಮ ದೇಹದ ವಿದ್ಯುದ್ಧಾರಕತೆಯನ್ನು ಸುಮಾರು 150 ಪಿಕೊಫ್ಯಾರಡ್ ಎಂದು ಹಿಡಿದು ವಿದ್ಯಾರ್ಥಿಗಳು ಲೆಕ್ಕಮಾಡಿದರೆ, ಆಗ ಮೈಯಲ್ಲಿರುವ ಶಕ್ತಿ 7.5 ಮಿಲಿಜೂಲು ಎಂದು ಕಂಡುಕೊಳ್ಳುವರು. ಪೆಟ್ರೋಲಿನ ಆವಿಯನ್ನು ಹೊತ್ತಿಸಲು ಒಂದು ಮಿಲಿಜೂಲಿಗಿಂತಲೂ ಕಡಿಮೆ ಶಕ್ತಿ ಸಾಕು!

ನಳಿಕೆಯನ್ನು ಟ್ಯಾಂಕಿನಲ್ಲಿಯೇ ಬಿಟ್ಟು, ಚಳಿಗೆಂದು ಕಾರಿನೊಳಗೆ ಹೋಗಿ ಕುಳಿತು, ಮರಳಿ ಬಂದು ನಳಿಕೆಯನ್ನು ಮುಟ್ಟಿದ ಸಂದರ್ಭಗಳಲ್ಲಿ ಅಮೆರಿಕದಲ್ಲಿ ಬೆಂಕಿಯ ಅನಾಹುತಗಳು ನಡೆದಿವೆ. ಆಸನದಲ್ಲಿ ಕೂತೇಳದ ನೌಕರನಿಗೆ ಈ ತೊಂದರೆ ಅಷ್ಟಾಗಿ ಇರುವುದಿಲ್ಲ. ಆದರೆ ಪರಿಹಾರ ಸುಲಭ: ತುಂಬುವಾಗ ಒಳಗೆ ಹೋಗಿ ಕೂರಬಾರದು, ಹೋದದ್ದೇ ಆದರೆ, ನಳಿಕೆಯನ್ನು ಮುಟ್ಟುವ ಮೊದಲು ಟ್ಯಾಂಕಿನ ಬಾಯಿಂದ ದೂರದ ಲೋಹದ ಭಾಗವೊಂದನ್ನು ಬರಿಗೈಯಿಂದ ಮುಟ್ಟಬೇಕು. 1998ರಲ್ಲಿ ಸ್ವಯಂಸೇವೆಗೆ ಅನುಮತಿಯಿತ್ತ ಜಪಾನಿನಲ್ಲಿ, ವಿದ್ಯುತ್ತನ್ನು ನೆಲಕ್ಕಿಳಿಸುವ ಫಲಕವನ್ನು ಪಂಪಿನ ಮೇಲೆಯೇ ಇಟ್ಟಿರುತ್ತಾರೆ. ಅಲ್ಲದೆ ನೌಕರನೊಬ್ಬನು ಕೋಣೆಯಿಂದ ಗಮನಿಸಿ ಒಪ್ಪಿಗೆ ಕೊಟ್ಟ ಹೊರತು ಅಲ್ಲಿ ಪೆಟ್ರೋಲು ಹರಿಯುವುದಿಲ್ಲ.

ವಿಜ್ಞಾನದ ಎಲ್ಲೆ

ಹೀಗೆ ಬೆಂಕಿಯ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ದೊರೆತಂತಾಯಿತು. ಆದರೂ ವಾದ ಮುಗಿಯಲಿಲ್ಲ. ಏಕೆಂದರೆ ಬೆಂಕಿಯ ಹಿಂದೆ ಬೇರೆ ಪ್ರಶ್ನೆಗಳಿದ್ದವು. ಆರೆಗಾನಿನ ಶಾಸನವು ತಾನು ಕೊಟ್ಟ ಕಾರಣಗಳಲ್ಲಿ ವೃದ್ಧರ ಮತ್ತು ಅಂಗವಿಕಲರ ಕಷ್ಟವನ್ನೂ, ವಿಷಕರವಾದ ಆವಿಯನ್ನೂ, ನಿರುದ್ಯೋಗವನ್ನೂ ಸೇರಿಸಿತ್ತು. ಆ ರಾಜ್ಯವು 2023ರಲ್ಲಿ ಸ್ವಯಂಸೇವೆಗೆ ಎಲ್ಲೆಡೆ ಅವಕಾಶವಿತ್ತಾಗಲೂ ಹಲವು ಭಾಗಗಳಲ್ಲಿ ಅರ್ಧದಷ್ಟು ಪಂಪುಗಳಿಗೆ ಮಾತ್ರ ಅದನ್ನು ಮಿತಗೊಳಿಸಿತು. ಅಂಗವಿಕಲರಿಗೆ ಹೆಚ್ಚಿನ ಹಣ ಕೇಳದೆ ನೆರವಾಗಬೇಕೆಂದು 1990ರ ಕೇಂದ್ರ ಶಾಸನವು ಬಂಕುಗಳಿಗೆ ವಿಧಿಸಿದೆ. ಆದರೆ ಒಬ್ಬನೇ ನೌಕರನಿರುವ ಹೊತ್ತಿಗೆ ಈ ಕಟ್ಟಳೆ ಅನ್ವಯಿಸದು. ಬ್ರೆಜಿಲ್ ದೇಶವು 2000ದಲ್ಲಿ ಸ್ವಯಂಸೇವೆಯನ್ನು ಶಾಸನದಿಂದಲೇ ನಿಷೇಧಿಸಿತು.

ಆವಿಯ ವಿಷಯವನ್ನೇ ನೋಡಿ. ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ದ್ರವ್ಯವು ಸ್ವಲ್ಪ ಪ್ರಮಾಣದಲ್ಲಿದೆ. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಸ್ವಯಂಸೇವೆಯಲ್ಲಿ ಸಾವಿರ ಜನ ಗಿರಾಕಿಗಳು ವಾರಕ್ಕೆ ಕೆಲವು ನಿಮಿಷ ಆ ಆವಿಯನ್ನು ಉಸಿರಾಡುತ್ತಾರೆ. ಪೂರ್ಣಸೇವೆಯಲ್ಲಿ ಅಷ್ಟನ್ನೂ ಕೆಲವೇ ನೌಕರರು ದಿನವಿಡೀ ಉಸಿರಾಡುತ್ತಾರೆ. ಗಿರಾಕಿಯ ರಕ್ಷಣೆಗೆಂದು ಹೇಳುವ ಏರ್ಪಾಡಿನಲ್ಲಿ ನೌಕರನ ರಕ್ಷಣೆಯನ್ನು ಯಾರು ಲೆಕ್ಕಕ್ಕೆ ಹಿಡಿದರು? ಆತನ ಕೆಲಸವನ್ನು ಉಳಿಸಬೇಕೆನ್ನುವವರು ಆತನ ಶ್ವಾಸಕೋಶವನ್ನೂ ನೆನೆಯಬೇಕಾಗುತ್ತದೆ. ನಳಿಕೆಯ ಸುತ್ತಲಿನ ಆವಿಯನ್ನು ಹಿಂದಕ್ಕೆ ಹೀರಿಕೊಳ್ಳುವ ಸಾಧನಗಳು ಈಗ ಬಂದಿವೆ. ಅವು ಮೊದಲು ಸಲ್ಲಬೇಕಾದದ್ದು, ನೌಕರರು ದಿನವೆಲ್ಲ ನಿಲ್ಲುವ ಬಂಕುಗಳಿಗೆ.

ವಿದ್ಯುತ್ ಕಾರುಗಳು ಬಂದ ಮೇಲೆ ಈ ವಾದಕ್ಕೆ ಹೊಸ ತಿರುವು ಬಂದಿದೆ. ಅಲ್ಲಿ ಆವಿಯಿಲ್ಲ, ನ್ಯೂ ಜೆರ್ಸಿಯಲ್ಲಿ ಕೂಡ ಒಡೆಯನೇ ತಂತಿಯನ್ನು ಸಿಕ್ಕಿಸಿಕೊಳ್ಳುತ್ತಾನೆ. ಆಗ ಉಳಿಯುವುದು ಜೀವನೋಪಾಯದ ಪ್ರಶ್ನೆಯೊಂದೇ. ನಮ್ಮ ನಾಡಿನಲ್ಲಿಯೂ ಬಂಕಿನ ಕೆಲಸವನ್ನು ನೆಚ್ಚಿಕೊಂಡ ಕುಟುಂಬಗಳು ಅನೇಕ. ಗಿರಾಕಿಯು ತಾನೇ ಪೆಟ್ರೋಲು ತುಂಬಿಕೊಳ್ಳಬಲ್ಲನೇ ಎಂದು ಕೇಳಿದರೆ ಭೌತವಿಜ್ಞಾನವು 'ಹೌದು, ಇಂತಿಂತಹ ಎಚ್ಚರಿಕೆಗಳೊಡನೆ' ಎಂದು ಉತ್ತರಿಸುತ್ತದೆ. ತುಂಬಿಕೊಳ್ಳಬೇಕೇ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಆ ಉತ್ತರವನ್ನು ಕೊಡಬೇಕಾದವರು ನಾವು. ಕೊಡುವಾಗ ಬೆಂಕಿಯ ನೆಪವನ್ನು ಮುಂದಿಡದೆ, ಕೂಲಿಯ ಮಾತನ್ನು ಕೂಲಿಯ ಮಾತಾಗಿಯೇ ಆಡುವುದು ಲೇಸು.