ಮೈಯೊಳಗಿನ ಮಂಡಕ್ಕಿ ಭಟ್ಟಿ

ಹರಿಹರದಲ್ಲಿ ಮಾಗಿಯ ಚಳಿ. ತುಂಗಭದ್ರೆಯ ಕಡೆಯಿಂದ ಗಾಳಿ ಬೀಸುವ ನಸುಕಿನಲ್ಲಿ ನಾವೆಲ್ಲ ಕಂಬಳಿಯೊಳಗೆ ಮುದುಡಿಕೊಂಡಿದ್ದರೆ, ದೊಡ್ಡಮ್ಮ ಹಿತ್ತಿಲ ಕಟ್ಟೆಯ ಮೇಲೆ ಕೂತು ಸೆರಗು ಬೀಸಿಕೊಳ್ಳುತ್ತಿದ್ದಳು. ಹಣೆ, ಕುತ್ತಿಗೆ ಬೆವರಿನಲ್ಲಿ ತೊಯ್ದಿದ್ದವು. "ಒಳಗೆ ಮಂಡಕ್ಕಿ ಭಟ್ಟಿ ಹಚ್ಚಿದಂಗಾಗ್ತೈತವ್ವ" ಎಂದಳು. ಮಂಡಕ್ಕಿ ಭಟ್ಟಿಗಳ ಊರಾದ ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳು. ಭಟ್ಟಿಯ ಕಾವು ಎಂಥದ್ದೆಂದು ಬಲ್ಲವಳು. ಸ್ವಲ್ಪ ಹೊತ್ತಿಗೆ ಬೆವರಾರಿ ನಡುಕ ಹತ್ತುತ್ತಿತ್ತು. ಮುಟ್ಟು ನಿಂತು ಆಗಲೇ ವರ್ಷವಾಗಿತ್ತು. ಮನೆಯವರು ಉಷ್ಣ ಎಂದರು, ಏನನ್ನೋ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದರು.

ಆ ಭಟ್ಟಿ ಎಲ್ಲಿದೆ ಎಂದು ಹುಡುಕಿದವರ ಕತೆ ಇದು.

1923ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ, ಹಂದಿಯ ಅಂಡಾಶಯದ ದ್ರವದಲ್ಲಿ ಒಂದು ಹಾರ್ಮೋನಿನ ಸುಳಿವು ಹಿಡಿದರು. ಮುಂದೆ ಅದಕ್ಕೆ ಈಸ್ಟ್ರೊಜೆನ್ ಎಂದು ಹೆಸರಾಯಿತು. ಮುಟ್ಟು ನಿಂತಮೇಲೆ ಅದು ತೀರಾ ಇಳಿಯುತ್ತದೆ, ಹೊರಗಿನಿಂದ ಕೊಟ್ಟರೆ ಝಳ ತಗ್ಗುತ್ತದೆ ಎಂಬುದೂ ತಿಳಿಯಿತು. ಆದರೆ ಅಂಡಾಶಯ ಸುಮ್ಮನಾದರೆ ಮೈ ಯಾಕೆ ಉರಿಯಬೇಕು?

ಉತ್ತರ ಇದ್ದದ್ದು ಮಿದುಳಿನಲ್ಲಿ. ವೈದ್ಯ ವಿಜ್ಞಾನಿ ನಯೋಮಿ ರಾನ್ಸ್, ತೀರಿಕೊಂಡ ಮಹಿಳೆಯರ ಹೈಪೊಥಲಾಮಸ್‌ ಭಾಗವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಹೋಲಿಸಿ ನೋಡಿದರು. ಮುಟ್ಟು ನಿಂತವರಲ್ಲಿ ನರಕೋಶಗಳ ಒಂದು ಗುಂಪು ಉಬ್ಬಿ ದೊಡ್ಡದಾಗಿತ್ತು. 1990ರಲ್ಲಿ ಅದನ್ನು ಪ್ರಕಟಿಸಿದರು. ಮರುವರ್ಷ, ಆ ಕೋಶಗಳಲ್ಲಿ ನ್ಯೂರೊಕೈನಿನ್-ಬಿ ಎಂಬ ಸಂದೇಶವಾಹಕದ ತಯಾರಿ ಜೋರಾಗಿದೆ ಎಂದು ತೋರಿಸಿದರು. ಈ ಕೋಶಗಳಿಗೆ ಈಸ್ಟ್ರೊಜೆನ್ನೇ ಲಗಾಮು. ಅದು ಸಡಿಲಾದಾಗ ಅವು ಮೈಯ ಶಾಖ ಕಾಯುವ ಕೇಂದ್ರವನ್ನು ಕೆಣಕುತ್ತವೆ. ಮೈ ಕಾಯದಿದ್ದರೂ ಕಾದಿದೆಯೆಂದು ಬಗೆದು ಆ ಕೇಂದ್ರ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆವರು ಹರಿಸುತ್ತದೆ.

2015ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು, ಇನ್ನೂ ಮುಟ್ಟಾಗುತ್ತಿದ್ದ ಆರೋಗ್ಯವಂತ ಮಹಿಳೆಯರಿಗೆ ನ್ಯೂರೊಕೈನಿನ್-ಬಿ ಕೊಟ್ಟು ನೋಡಿದರು. ಅವರಿಗೂ ಅದೇ ಝಳ ಬಡಿಯಿತು! ಹಾಗಾದರೆ ಆ ಸಂದೇಶವನ್ನು ತಡೆದರೆ? 2023ರಲ್ಲಿ ಅಮೆರಿಕ ಒಪ್ಪಿದ ಫೆಜೊಲಿನೆಟಂಟ್ ಮಾತ್ರೆ ಮಾಡುವುದು ಅದನ್ನೇ. ಅದು ಹಾರ್ಮೋನಲ್ಲ, ಆದರೆ ಯಕೃತ್ತಿನ ಮೇಲೆ ಕಣ್ಣಿಡಬೇಕಾದ್ದರಿಂದ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ.

ದೊಡ್ಡಮ್ಮ ಸುಳ್ಳು ಹೇಳಿರಲಿಲ್ಲ. ಭಟ್ಟಿ ನಿಜಕ್ಕೂ ಹೊತ್ತಿತ್ತು, ನಾವು ಉಷ್ಣವೆಂದು ಮಜ್ಜಿಗೆ ಕೊಟ್ಟು ಸುಮ್ಮನಾಗಿದ್ದೆವು. ನಿಮ್ಮ ಮನೆಯಲ್ಲಿ ಯಾರಾದರೂ ಚಳಿಯಲ್ಲಿ ಸೆರಗು ಬೀಸಿಕೊಂಡರೆ ಮೊದಲು ಅವರ ಮಾತು ನಂಬಿ, ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.